ಕಲಿಕೆಗೆ ಅಡ್ಡ ನಿಲ್ಲುವವರು, ಕಲಿಕೆಗೆ ಜೊತೆ ನಿಲ್ಲುವವರು

(ಗುಜರಾತಿನಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳನ್ನು ಉದ್ದೇಶಿಸಿದ ಉಪನ್ಯಾಸದ ಬರಹರೂಪ)



ಅಹಮದಾಬಾದಿನ ಪಶ್ಚಿಮದಂಚಿನ ಬೋಪಾಲ್ 2020ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. ಉದ್ಯೋಗ, ವ್ಯಾಪಾರಗಳ ನಿಮಿತ್ತ ಕರ್ನಾಟಕದಿಂದ ಬಂದು ಇಂಥ ಬಡಾವಣೆಯಲ್ಲಿ ನೆಲೆನಿಂತ ಕುಟುಂಬದ ಮಗುವಿಗೆ ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಗುಜರಾತಿ, ಗೆಳೆಯರೊಡನೆ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್. 2023ರಲ್ಲಿ ಗುಜರಾತ್ ವಿಧಾನಸಭೆ ಅಂಗೀಕರಿಸಿದ ಕಾಯಿದೆಯಂತೆ ಒಂದರಿಂದ ಎಂಟನೆಯ ತರಗತಿಯವರೆಗೆ ಎಲ್ಲ ಶಾಲೆಗಳಲ್ಲೂ ಗುಜರಾತಿ ಕಲಿಕೆ ಕಡ್ಡಾಯ. ಬಹುಪಾಲು ಮಕ್ಕಳು ಈ ಭಾರವನ್ನು ಹೊರುತ್ತಾರೆ. ಕೆಲವರು ಓದಿನ ಮೊದಲ ಮೆಟ್ಟಿಲಲ್ಲೇ ತೊಡರುತ್ತಾರೆ.

ಹಾಗೆ ತೊಡರಿದ ಮಗುವಿನ ವಿಷಯದಲ್ಲಿ ಶಾಲೆ ಹೇಳುವುದು, ‘ಇದು ಭಾಷೆಯ ತೊಂದರೆ’. ಮನೆ ಹೇಳುವುದು, ‘ಸೋಮಾರಿತನ’. ಭಾನುವಾರದ ಪಾಠಶಾಲೆಯಲ್ಲಿ ಯಾರೋ ಹೇಳುವುದು, ‘ಜ್ಞಾನಾವರಣೀಯ ಕರ್ಮದ ಉದಯ’. ಈ ಮೂರು ಉತ್ತರಗಳೂ ಮಗುವನ್ನು ಪರೀಕ್ಷಿಸದೆ ಕೊಟ್ಟವು.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಬಾಲಕನು ಚುರುಕಾಗಿದ್ದನು, ಆಟದಲ್ಲಿ ಮುಂದಿದ್ದನು. ಬರೆದ ಪದ ಮಾತ್ರ ಅವನಿಗೆ ಒಲಿಯುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಅವನೇ ಶಾಲೆಯ ಅತಿ ಜಾಣ ಹುಡುಗನಾಗುತ್ತಿದ್ದನೆಂದು ಅವನ ಶಿಕ್ಷಕರು ಅಭಿಪ್ರಾಯಪಟ್ಟಿದ್ದರು. ಇಂದು ಡಿಸ್ಲೆಕ್ಸಿಯಾ ಎನ್ನುವುದು ಇದನ್ನೇ. ಬರವಣಿಗೆಯಲ್ಲಿನ ತೊಡಕು ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿನದು ಡಿಸ್‌ಕ್ಯಾಲ್ಕುಲಿಯಾ. ಬುದ್ಧಿಯ ಕೊರತೆಯಾಗಲಿ ಪ್ರಯತ್ನದ ಕೊರತೆಯಾಗಲಿ ಇದಕ್ಕೆ ಕಾರಣವಲ್ಲ.

ಭಾರತದ 1995ರ ಅಂಗವಿಕಲರ ಕಾಯಿದೆಯಲ್ಲಿ ಈ ಮಕ್ಕಳಿಗೆ ಸ್ಥಾನವಿರಲಿಲ್ಲ. 2016ರ ಕಾಯಿದೆಯು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಅದನ್ನು ಆದಷ್ಟು ಬೇಗ ಪತ್ತೆಹಚ್ಚಿ, ತಕ್ಕ ಬೋಧನಾಕ್ರಮ ಕೈಗೊಳ್ಳುವುದು ಶಾಲೆಯ ಕರ್ತವ್ಯವೆಂದು ಆ ಕಾಯಿದೆ ಸ್ಪಷ್ಟವಾಗಿ ಹೇಳಿತು. ಪ್ರಮಾಣಪತ್ರ ದೊರೆತ ವಿದ್ಯಾರ್ಥಿಗೆ ಕೇಂದ್ರೀಯ ಮಂಡಳಿಯ ಪರೀಕ್ಷೆಯಲ್ಲಿ ಬರಹಗಾರರ ನೆರವು ದೊರೆಯುತ್ತದೆ, ಮೂರು ಗಂಟೆಯ ಪ್ರಶ್ನೆಪತ್ರಿಕೆಗೆ ಒಂದು ಗಂಟೆ ಹೆಚ್ಚುವರಿ ಕಾಲವೂ ದೊರೆಯುತ್ತದೆ. ಇದು ದಯೆಯಲ್ಲ, ಹಕ್ಕು.

ಆದರೆ ಹಕ್ಕನ್ನು ಮಗುವಿನ ಕೈಗೆ ತಲುಪಿಸುವವರು ಯಾರು? ಮೊದಲನೆಯವರು ಮಕ್ಕಳ ವೈದ್ಯರು. ಕಣ್ಣು, ಕಿವಿಗಳಲ್ಲಿ ದೋಷವಿಲ್ಲವೆಂದು ಖಚಿತಪಡಿಸುವವರು. ಎರಡನೆಯವರು ಚಿಕಿತ್ಸಾ ಮನೋವಿಜ್ಞಾನಿಗಳು. ಬುದ್ಧಿಶಕ್ತಿಯನ್ನೂ ಓದು, ಬರಹ, ಲೆಕ್ಕಗಳನ್ನೂ ಬೇರೆ ಬೇರೆಯಾಗಿ ಅಳೆಯುವವರು. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ದೇಶದ ಬೇರೆಡೆಗಳಲ್ಲೂ ಬಳಕೆಯಲ್ಲಿದೆ. ಮಾತಿನಲ್ಲೇ ತೊಡಕಿದ್ದರೆ ವಾಕ್ ತಜ್ಞರ ನೆರವು ಬೇಕು. ಕೊನೆಯವರು ವಿಶೇಷ ಶಿಕ್ಷಕರು. ಉಳಿದವರು ಮಗುವನ್ನು ಕೆಲವು ಸಲ ಕಾಣುತ್ತಾರೆ. ಇವರು ವರ್ಷಗಟ್ಟಲೆ ಜೊತೆಗಿರುತ್ತಾರೆ.

ವಿಶೇಷ ಶಿಕ್ಷಕರ ಕೆಲಸ ಟ್ಯೂಷನ್ ಅಲ್ಲ. ಪದವನ್ನು ಸದ್ದುಗಳಾಗಿ ಬಿಡಿಸುವುದು, ಪ್ರತಿ ಸದ್ದಿಗೆ ಅಕ್ಷರವನ್ನು ಕಿವಿ, ಕಣ್ಣು, ಬೆರಳು ಮೂರರಿಂದಲೂ ಕೂಡಿಸುವುದು, ಮಗು ಅದನ್ನು ದಕ್ಕಿಸಿಕೊಂಡ ಮೇಲಷ್ಟೇ ಮುಂದಿನ ಹೆಜ್ಜೆ ಇಡುವುದು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಹಳೆಯ ಐಗಳ ಮಠದ ರೂಢಿ ಇದಕ್ಕೆ ದೂರದ್ದೇನಲ್ಲ. ಒಂದು ಉದಾಹರಣೆ: ಗುಜರಾತಿಯಲ್ಲೂ ದೇವನಾಗರಿಯಲ್ಲೂ ‘ಕಿ’ ಬರೆಯುವಾಗ ಹ್ರಸ್ವ ಇಕಾರದ ಚಿಹ್ನೆ ಕಕಾರಕ್ಕಿಂತ ಮೊದಲು ಬರುತ್ತದೆ, ಉಚ್ಚಾರದಲ್ಲಿ ಅದು ಅನಂತರದ್ದು. ಕನ್ನಡದಲ್ಲಿ ಗುಡಿಸು ಅಕ್ಷರದ ತಲೆಯ ಮೇಲೆಯೇ ಕೂಡುತ್ತದೆ. ಎಲ್ಲ ಮಕ್ಕಳೂ ಕಾಣದೆ ದಾಟುವ ಈ ವ್ಯತ್ಯಾಸದಲ್ಲಿ ಒಂದು ಮಗು ದಿನವೂ ಎಡವುತ್ತಿರಬಹುದು. ಅದನ್ನು ಕಾಣುವ ಕಣ್ಣೇ ಈ ವೃತ್ತಿಯ ವಿದ್ಯೆ.

ಹೊರನಾಡಿನ ಕನ್ನಡ ಮಗುವಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹೊಸ ಭಾಷೆ ಬಾರದ ಮಗುವನ್ನು ನ್ಯೂನತೆಯುಳ್ಳದ್ದೆಂದು ತಪ್ಪಾಗಿ ಬಗೆಯಬಹುದು. ನಿಜವಾಗಿ ನ್ಯೂನತೆಯಿರುವ ಮಗುವನ್ನು ‘ಭಾಷೆ ಬಂದರೆ ಸರಿಹೋಗುತ್ತದೆ’ ಎಂದು ಕಾಯಿಸಿ ಕಾಯಿಸಿ ಏಳನೆಯ ತರಗತಿಗೆ ತಂದು ನಿಲ್ಲಿಸಬಹುದು. ಎರಡನೆಯ ತಪ್ಪೇ ಹೆಚ್ಚು ದುಬಾರಿ. ಮನೆಮಾತಿನಲ್ಲೂ ಪ್ರಾಸ ಹಿಡಿಯಲು, ಪದದ ಮೊದಲ ಸದ್ದು ಹೇಳಲು, ವಾರದ ದಿನಗಳನ್ನು ಕ್ರಮವಾಗಿ ನೆನೆಯಲು ಮಗು ತಡವರಿಸುತ್ತಿದೆಯೆ ಎಂದು ನೋಡಬೇಕು. ಇದನ್ನು ತಜ್ಞರಿಗೆ ತಿಳಿಸಬಲ್ಲವರು ತಂದೆತಾಯಿಗಳು, ಅಜ್ಜಿ ತಾತಂದಿರು ಮಾತ್ರ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾ ಸಾಧನದ ಮೊದಲ ಭಾಷೆಗಳಲ್ಲಿ ಕನ್ನಡವೂ ಒಂದು. ಬೇಸಗೆ ರಜೆಯಲ್ಲಿ ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಕನ್ನಡದಲ್ಲೇ ವಿಚಾರಿಸಿಕೊಳ್ಳುವುದೂ ಸಾಧ್ಯ.

ಅಹಮದಾಬಾದಿಗೆ ಈ ಕ್ಷೇತ್ರ ಹೊಸದಲ್ಲ. ಜೈನ ಮನೆತನದ ಗೌತಮ್ ಸಾರಾಭಾಯಿ ಮತ್ತು ಕಮಲಿನಿ ಸಾರಾಭಾಯಿ ಅವರು 1951ರಷ್ಟು ಹಿಂದೆಯೇ ಇಲ್ಲಿ ಬಿ. ಎಂ. ಮಾನಸಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದರು. ಆದರೆ ಸಂಸ್ಥೆಗಳಿದ್ದರೆ ಸಾಲದು, ಶಾಲೆಶಾಲೆಗೂ ಜನ ಬೇಕು. ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿತು. ರಾಜ್ಯಗಳು ಹುದ್ದೆಗಳನ್ನೇ ಗುರುತಿಸದಿರಲು, 2025ರ ಮಾರ್ಚ್‌ನಲ್ಲಿ ಮತ್ತೆ ಆದೇಶಿಸಬೇಕಾಯಿತು. ಮತ ಕೇಳಲು ಬಂದವರನ್ನು ರಸ್ತೆ, ನೀರುಗಳ ಬಗ್ಗೆ ಪ್ರಶ್ನಿಸುವಂತೆಯೇ ಈ ಹುದ್ದೆಗಳ ಬಗ್ಗೆಯೂ ಪ್ರಶ್ನಿಸಬೇಕು. ಪ್ರಶ್ನಿಸುವವರಿಲ್ಲದ ಕಡೆ ಹುದ್ದೆ ಕಡತದಲ್ಲೇ ಉಳಿಯುತ್ತದೆ.

ಇನ್ನು ಕರ್ಮದ ಮಾತು. ಕರ್ಮಸಿದ್ಧಾಂತವನ್ನು ಮಗುವಿನ ಮೇಲೆ ಹೊರಿಸುವವರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ನೋಡುವುದು ಒಳಿತು. ಮತ್ತೊಬ್ಬರ ಜ್ಞಾನಕ್ಕೆ ವಿಘ್ನವೊಡ್ಡುವುದನ್ನೂ ಜ್ಞಾನಾವರಣೀಯ ಕರ್ಮದ ಆಸ್ರವದ ಕಾರಣಗಳಲ್ಲಿ ಒಂದೆಂದು ಉಮಾಸ್ವಾಮಿಗಳು ಅಲ್ಲಿ ಎಣಿಸಿದ್ದಾರೆ. ತರಗತಿಯಲ್ಲಿ ಮಗುವನ್ನು ನಿಲ್ಲಿಸಿ ನಗುವವನು, ಸ್ತೋತ್ರ ಕಂಠಪಾಠದ ಸ್ಪರ್ಧೆಯಲ್ಲಿ ಮರೆತ ಮಗುವನ್ನು ಹೀಯಾಳಿಸುವವನು, ‘ಮುಂದೆ ಮದುವೆಗೆ ತೊಡಕು’ ಎಂದು ಪ್ರಮಾಣಪತ್ರವನ್ನೇ ಬೇಡವೆನ್ನುವ ಹಿರಿಯನು: ಇವರೇ ವಿಘ್ನವೊಡ್ಡುವವರು. ಗುರುಗಳು ಕಲಿಸಿದ ಪದಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳಲಾರದ ಶಿವಭೂತಿ ಮುನಿಗಳು ಉದ್ದು ಮತ್ತು ಅದರ ಸಿಪ್ಪೆಯ ಭೇದವನ್ನು ಧ್ಯಾನಿಸಿಯೇ ಕೇವಲಜ್ಞಾನ ಪಡೆದರು. ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿ ಅವರ ಸ್ಮರಣೆಯಿದೆ. ಕಂಠಪಾಠವೇ ಜ್ಞಾನವಲ್ಲವೆಂಬುದಕ್ಕೆ ಜೈನರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ಇಂದಿಗೂ ದಾನಚಿಂತಾಮಣಿಯೆಂದು ನೆನೆಯುತ್ತದೆ. ಪ್ರತಿಯನ್ನು ಕೈಗಿತ್ತರೂ ಓದಲಾಗದ ಮಗುವಿಗೆ ಓದಲು ಕಲಿಸುವವರನ್ನು ಒದಗಿಸುವುದೂ ಶಾಸ್ತ್ರದಾನವೇ. ಉತ್ಸವಗಳಿಗೆ ಕೂಡುವ ಹಣದಲ್ಲಿ ಒಂದು ಪಾಲಿನಿಂದ, ವಿಶೇಷ ಶಿಕ್ಷಣದ ಬಿ.ಎಡ್. ಓದಬಯಸುವ ಸಮಾಜದ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬಹುದು. ಪಾಠಶಾಲೆಯ ಸ್ಪರ್ಧೆಗಳಲ್ಲಿ ಚಿತ್ರಕ್ಕೂ ಕಥೆ ಹೇಳುವುದಕ್ಕೂ ಕಂಠಪಾಠದಷ್ಟೇ ಬೆಲೆ ಕೊಡಬಹುದು. ಸ್ಮರಣಶಕ್ತಿ ಹೆಚ್ಚಿಸುತ್ತೇವೆಂಬ ಜಾಹೀರಾತುಗಳಿಗೆ ಹಣ ಸುರಿಯುವ ಮೊದಲು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಬಹುದು.

ಮಗುವಿಗೆ ಎಂಟು ವರ್ಷವಾದಾಗ ಈ ಕೆಲಸ ಆರಂಭವಾದರೆ ಹತ್ತನೆಯ ತರಗತಿಗೆ ಏಳೆಂಟು ವರ್ಷಗಳ ಕಾಲವಿರುತ್ತದೆ. ಹದಿನಾಲ್ಕಕ್ಕೆ ಆರಂಭವಾದರೆ ಒಂದೆರಡು ವರ್ಷ, ಜೊತೆಗೆ ತಾನು ದಡ್ಡನೆಂದು ನಂಬಿಬಿಟ್ಟ ಮನಸ್ಸು. ಆ ನಂಬಿಕೆಯನ್ನು ಅಳಿಸುವುದು ಅಕ್ಷರ ಕಲಿಸುವುದಕ್ಕಿಂತ ಕಷ್ಟ.

ಜೈ ಜಿನೇಂದ್ರ.