ಫೈಲ್ ಚಿಕ್ಕದಾಯ್ತು, ತಲೆನೋವು ದೊಡ್ಡದಾಯ್ತು

ಪುಣೆಯಿಂದ ಮಾತಾಡ್ತಾ ಇದ್ದೀನಿ. ಇವತ್ತು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಗೋ ಭಾಷೆಯಲ್ಲಿ ಬರೆದ ನಮ್ಮ ಒಂದು ಟೂಲ್ 24 ಎಂಬಿ ಇತ್ತು. ಗ್ರಾಹಕರ ಬ್ರಾಂಚ್‌ಗಳಲ್ಲಿ ನೆಟ್ ಬಹಳ ನಿಧಾನ. ನಾನು ಯುಪಿಎಕ್ಸ್ ಬಳಸಿ ಅದನ್ನ 12 ಎಂಬಿಗೆ ಇಳಿಸಿದೆ. ಮೀಟಿಂಗ್‌ನಲ್ಲಿ ಶಭಾಷ್ ಅನ್ನಿಸಿಕೊಂಡೆ. ಶುಕ್ರವಾರ ರಾತ್ರಿ ಗ್ರಾಹಕರ ಆಫೀಸಿನಲ್ಲಿದ್ದ ನಮ್ಮ ಹುಬ್ಬಳ್ಳಿ ಹುಡುಗನ ಫೋನ್ ಬಂತು: "ಸರ್, ಕಾಪಿ ಮಾಡಿದ ಕೂಡ್ಲೇ ಫೈಲ್ ಮಾಯಾ ಆಗಾಕತ್ತೈತ್ರಿ." ಆಂಟಿವೈರಸ್ ಅದನ್ನ ಕ್ವಾರಂಟೈನ್‌ಗೆ ತಳ್ಳಿತ್ತು. ತಪ್ಪು ನನ್ನದು, ಗ್ರಾಹಕರ ಹತ್ತಿರ ಬೈಸಿಕೊಂಡಿದ್ದು ಅವನು.

ಯಾಕೆ ಹೀಗಾಯ್ತು? ಪ್ಯಾಕರ್ ನಮ್ಮ ಕೋಡನ್ನೆಲ್ಲ ಒತ್ತಿ ಒಂದು ಗಂಟು ಕಟ್ಟುತ್ತೆ, ಅದರ ಜೊತೆ ಗಂಟು ಬಿಚ್ಚುವ ಸಣ್ಣ ಕೋಡ್ ಇಡುತ್ತೆ. ಪ್ರೋಗ್ರಾಂ ಶುರು ಮಾಡಿದಾಗ ಮೊದಲು ಓಡೋದು ಆ ಸಣ್ಣ ಕೋಡ್. ಅದು ಮೆಮೊರಿಯಲ್ಲೇ ಎಲ್ಲವನ್ನೂ ಬಿಚ್ಚಿ, ಆಮೇಲೆ ಅಸಲಿ ಪ್ರೋಗ್ರಾಂಗೆ ಜಿಗಿಯುತ್ತೆ. ವೈರಸ್ ಬರೆಯುವವರೂ ತಮ್ಮ ಕೋಡ್ ಅಡಗಿಸೋಕೆ ಇದೇ ದಾರಿ ಹಿಡೀತಾರೆ. ಒಳಗೇನಿದೆ ಅಂತ ಕಾಣದ ಗಂಟನ್ನ ಕಾವಲುಗಾರ ಅನುಮಾನಿಸಿದ್ರೆ ಅವನದೇನು ತಪ್ಪು?

ಈ ವಿದ್ಯೆ ಹೊಸದಲ್ಲ. 1.44 ಎಂಬಿ ಫ್ಲಾಪಿಯ ಡಾಸ್ ಕಾಲದಲ್ಲೇ ಪಿಕೆಲೈಟ್ ಇತ್ತು, ಎಲ್‌ಝಡ್‌ಇಎಕ್ಸ್‌ಇ ಇತ್ತು. ಎರಡನೆಯದನ್ನ ಬರೆದವರು ಮುಂದೆ ಎಫ್‌ಎಫ್‌ಎಂಪೆಗ್, ಕ್ಯೂಎಮು ಶುರು ಮಾಡಿದ ಫ್ಯಾಬ್ರಿಸ್ ಬೆಲ್ಲಾರ್. ಆಗ ಜಾಗಕ್ಕೆ ಬೆಲೆ ಇತ್ತು. ಇವತ್ತೂ ಫ್ಲ್ಯಾಶ್ ಕಡಿಮೆ ಇರುವ ಪುಟ್ಟ ಸಾಧನಗಳಲ್ಲಿ ಇದು ಉಪಯೋಗಕ್ಕೆ ಬರುತ್ತೆ. ಒಂದೇ ಫೈಲ್, ಬೇರೆ ಅನ್‌ಜಿಪ್ ಮಾಡುವ ಗೋಜಿಲ್ಲ.

ಆದ್ರೆ ಸರ್ವರ್‌ನಲ್ಲಿ ಲೆಕ್ಕ ತಿರುಗುತ್ತೆ. ಸಾಮಾನ್ಯವಾಗಿ ಓಎಸ್ ಬೇಕಾದ ಪುಟಗಳನ್ನಷ್ಟೇ ಡಿಸ್ಕ್‌ನಿಂದ ತರುತ್ತೆ. ಒಂದೇ ಪ್ರೋಗ್ರಾಂನ 20 ಪ್ರೋಸೆಸ್ ಓಡ್ತಿದ್ರೂ ಕೋಡ್ ಪುಟಗಳು ಒಂದೇ ಪ್ರತಿ, ಎಲ್ಲರೂ ಹಂಚಿಕೊಳ್ತಾರೆ. ಪ್ಯಾಕ್ ಮಾಡಿದ್ರೆ ಪ್ರತಿಯೊಂದೂ ತನ್ನ ಗಂಟನ್ನ ತಾನೇ ಬಿಚ್ಚಬೇಕು. ಅಂದ್ರೆ 20 ಪ್ರತಿ. ಡಿಸ್ಕ್‌ನಲ್ಲಿ ಉಳಿಸಿದ್ದನ್ನ ರ‍್ಯಾಮ್‌ನಲ್ಲಿ ಕಳೀತೀವಿ, ಶುರುವಾಗೋದೂ ತಡ. ಡಾಕರ್ ಇಮೇಜ್‌ಗೆ ಹಾಕೋ ಯೋಚನೆ ಇದ್ರೆ, ಲೇಯರ್‌ಗಳು ಕಳಿಸುವಾಗ ಹೇಗೂ ಕಂಪ್ರೆಸ್ ಆಗಿಯೇ ಹೋಗ್ತವೆ. ಒತ್ತಿದ್ದನ್ನ ಮತ್ತೆ ಒತ್ತಿದ್ರೆ ಸಿಗೋದು ಅಷ್ಟಕ್ಕಷ್ಟೆ.

ಇನ್ನೊಂದು ಮಾತು: ಡಿಜಿಟಲ್ ಸಹಿ ಹಾಕಿದ ಮೇಲೆ ಪ್ಯಾಕ್ ಮಾಡಬೇಡಿ, ಫೈಲ್ ಬದಲಾದ್ರೆ ಆ ಸಹಿ ನಡೆಯಲ್ಲ. ಪ್ಯಾಕ್ ಮಾಡಲೇಬೇಕಂದ್ರೆ ಮೊದಲು ಪ್ಯಾಕ್, ಆಮೇಲೆ ಸಹಿ. ಮೂಲ ಫೈಲನ್ನ ಜೋಪಾನವಾಗಿ ಇಟ್ಟುಕೊಳ್ಳಿ, ಕ್ರ್ಯಾಶ್ ಆದಾಗ ಬೇಕಾಗೋದು ಅದೇ.

ನಾನು ಕೊನೆಗೆ ಏನು ಮಾಡಿದೆ? ಬಿಲ್ಡ್ ಮಾಡುವಾಗಲೇ ಡೀಬಗ್ ಮಾಹಿತಿ ತೆಗೆದೆ, 16 ಎಂಬಿಗೆ ಬಂತು. ಅದನ್ನ ಸಾದಾ ಜಿಪ್ ಮಾಡಿದೆ, 7 ಎಂಬಿ. ಯುಪಿಎಕ್ಸ್ ಇಲ್ಲದೆಯೇ ಮೊದಲಿಗಿಂತ ಚಿಕ್ಕದು! ಇಷ್ಟನ್ನ ಮೊದಲೇ ಅಳೆದು ನೋಡಿದ್ರೆ ಆ ಶುಕ್ರವಾರ ಆ ಹುಡುಗ ರಾತ್ರಿ ಬಸ್ ತಪ್ಪಿಸಿಕೊಳ್ತಿರಲಿಲ್ಲ. ಸೋಮವಾರ ಟೀಮ್ ಎದುರಿಗೇ ಅವನ ಹತ್ತಿರ ಕ್ಷಮೆ ಕೇಳಿದೆ.

ನೀವು ಯಾವತ್ತಾದ್ರೂ ಹೀಗೆ ಸಿಕ್ಕಿಹಾಕಿಕೊಂಡಿದ್ರೆ ಕೆಳಗೆ ಬರೀರಿ. ಸಿಗೋಣ, ನಮಸ್ಕಾರ.