ಮನೆಯ ಲೆಕ್ಕ

(ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ಊರಿಗೆ ಬಂದೆನೆಂದರೆ ಬೀಜದ ಮಾತೋ ಗೊಬ್ಬರದ ಮಾತೋ ಇರುತ್ತದೆಂದು ನಿಮಗೆಲ್ಲ ಗೊತ್ತು. "ಏನಪ್ಪಾ, ಈ ಸಲ ಯಾವ ತಳಿ ತಂದೆ?" ಎಂದು ಅರಳೀಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವುದು ವಾಡಿಕೆ. ಇಂದು ಬರಿಗೈಯಲ್ಲಿ ಬಂದಿದ್ದೇನೆ. ಹೊಲದ ಮಾತನ್ನು ಬದಿಗಿಟ್ಟು ಮನೆಯ ಮಾತಾಡೋಣವೆಂದುಕೊಂಡಿದ್ದೇನೆ. ಇಲ್ಲಿರುವ ಅನೇಕರಿಗೆ ನಾನು ಮಗನ ಸಮಾನ. ಸಂಸಾರ ನಡೆಸುವುದನ್ನು ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ. ನಾನು ಓದಿದ ಕೃಷಿ ಡಿಪ್ಲೊಮಾದಲ್ಲಿ ಆ ಪಾಠವೂ ಇರಲಿಲ್ಲ. ಆದರೆ ನಮ್ಮ ಮನೆಯಲ್ಲೇ ನಡೆದುದನ್ನು ಹೇಳಿದರೆ ಯಾರೂ ತಪ್ಪೆಣಿಸಲಾರಿರಿ.

ಎಕರೆಗೆ ಎಷ್ಟು ಬೀಜ ಬಿತ್ತಿದಿರಿ, ಎಷ್ಟು ಚೀಲ ಗೊಬ್ಬರ ಹಾಕಿದಿರಿ, ಕಳೆ ಕೀಳಲು ಎಷ್ಟು ಆಳು ಬೇಕಾದರು ಎಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಕಳೆದ ವರ್ಷ ಮನೆಗೆ ಎಷ್ಟು ಖರ್ಚಾಯಿತು, ಈ ಹೊತ್ತು ಸಾಲ ಎಷ್ಟಿದೆ ಎಂದು ಕೇಳಿದರೆ? "ಇದೆ ಬಿಡಪ್ಪಾ, ಯಾರಿಗಿಲ್ಲ?" ಎಂಬ ಉತ್ತರ ಬರುತ್ತದೆ. ನಮ್ಮ ತಂದೆಯವರ ಉತ್ತರವೂ ಅದೇ ಆಗಿತ್ತು.

ನಮ್ಮದು ನಾಲ್ಕು ಎಕರೆ ಖುಷ್ಕಿ, ಎರಡು ಸೀಮೆಹಸು. ತಾಯಿಯವರು ಶಾಲೆಯ ಮುಖ ಕಂಡವರಲ್ಲ. ಆದರೂ ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಅಡಿಗೆಮನೆಯ ಗೋಡೆಯ ಮೇಲೆ ಸುಣ್ಣದ ಗೀಟುಗಳಲ್ಲಿ ಇಡುತ್ತಿದ್ದರು. ಲೀಟರಿಗೆ ಒಂದು ಉದ್ದ ಗೀಟು, ಅರ್ಧಕ್ಕೆ ಒಂದು ಮೊಟಕು ಗೀಟು. ತಿಂಗಳ ಕೊನೆಗೆ ಡೈರಿಯ ಪುಸ್ತಕಕ್ಕೂ ಆ ಗೋಡೆಗೂ ಅರ್ಧ ಲೀಟರಿನ ವ್ಯತ್ಯಾಸವೂ ಬರುತ್ತಿರಲಿಲ್ಲ. ಅಂತಹ ಲೆಕ್ಕಗಾರ್ತಿ ಮನೆಯಲ್ಲಿದ್ದರೂ ಅಕ್ಕನ ಮದುವೆಗೆ ಎಷ್ಟು ಸಾಲ ತಂದೆವೆಂಬುದನ್ನು ತಂದೆಯವರು ಅವರಿಗೆ ಹೇಳಲಿಲ್ಲ. ಲೆಕ್ಕವೆಲ್ಲ ಅವರ ಅಂಗಿಯ ಜೇಬಿನ ಚೀಟಿಗಳಲ್ಲಿತ್ತು.

ಮೂರು ವರ್ಷ ಕಳೆದ ಮೇಲೆ, ಬಿತ್ತನೆಯ ಹದ ಬಂದಿದ್ದ ದಿನ, ಸಾಲ ಕೊಟ್ಟವರು ಬಾಗಿಲಿಗೆ ಬಂದು ಕುಳಿತರು. ಆಗಲೇ ತಾಯಿಗೆ ತಿಳಿದದ್ದು. ಅಸಲು ಎರಡು ಲಕ್ಷ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮೂರು ರೂಪಾಯಿ ಎಂದರೆ ಕಿವಿಗೆ ಹಗುರವಾಗಿ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿ: ತಿಂಗಳಿಗೆ 6,000, ವರ್ಷಕ್ಕೆ 72,000, ಮೂರು ವರ್ಷಕ್ಕೆ 2,16,000. ಅಸಲಿಗಿಂತ ಬಡ್ಡಿಯೇ ದೊಡ್ಡದಾಗಿತ್ತು. ರಸ್ತೆಯ ಬದಿಯ ಒಂದು ಎಕರೆಯನ್ನು ಮಾರಿದೆವು.

ತಾಯಿಯವರು ಜಗಳವಾಡಲಿಲ್ಲ. "ಮೊದಲೇ ಒಂದು ಮಾತು ಹೇಳಿದ್ದರೆ ಚಪ್ಪರವನ್ನೇ ಚಿಕ್ಕದಾಗಿ ಹಾಕಿಸುತ್ತಿದ್ದೆವಲ್ಲ" ಎಂದರು, ಅಷ್ಟೇ. ತಂದೆಯವರು ಏನೂ ಹೇಳಲಿಲ್ಲ. ಇಂದಿಗೂ ಆ ಹೊಲದ ಪಕ್ಕದಲ್ಲಿ ನಡೆಯುವಾಗ ಅವರು ಮುಖವನ್ನು ಇನ್ನೊಂದು ಕಡೆಗೆ ತಿರುಗಿಸುತ್ತಾರೆ.

ತಂದೆಯವರು ಕೆಟ್ಟವರೇ? ಅಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಹೇಳಿದರೆ ಹೆಂಗಸು ನೊಂದಾಳು, ಗಂಡಸಿನ ಮಾನ ಹೋದೀತು ಎಂದು ಮುಚ್ಚಿಟ್ಟರು. ಈಗ ಇದರ ಇನ್ನೊಂದು ಮುಖವನ್ನೂ ನೋಡುತ್ತಿದ್ದೇನೆ. ಸಂಘದ ಹೆಸರಿನಲ್ಲಿ ವಾರದ ಕಂತಿನ ಸಾಲ ತಂದ ತಾಯಂದಿರು ಅದನ್ನು ಯಜಮಾನರಿಗೆ ಹೇಳುವುದಿಲ್ಲ. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತರುತ್ತಾರೆ. ಒಂದೇ ಸೂರಿನಡಿಯಲ್ಲಿ ಗಂಡನ ಸಾಲವೊಂದು, ಹೆಂಡತಿಯ ಸಾಲವೊಂದು. ಒಬ್ಬರದು ಇನ್ನೊಬ್ಬರಿಗೆ ತಿಳಿಯದು. ಸಾಲ ವಸೂಲಿಯ ಹೆಸರಿನಲ್ಲಿ ನಡೆಯುವ ಕಿರುಕುಳವನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಒಳ್ಳೆಯದೇ. ಬಾಗಿಲಲ್ಲಿ ನಿಂತು ಕೂಗಾಡುವವರನ್ನು ಅದು ತಡೆಯಬಹುದು. ಗಂಡ ಹೆಂಡಿರು ಕುಳಿತು ಮಾತನಾಡುವಂತೆ ಮಾಡಲಾರದು.

ಹಾಗಾದರೆ ಮಾಡಬೇಕಾದುದೇನು? ನೂರು ಪುಟದ ಒಂದು ನೋಟ್ ಪುಸ್ತಕ ತನ್ನಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಬರೆಯಲು ಏಳನೆಯ ತರಗತಿಯ ಹುಡುಗಿಯೊಬ್ಬಳು ಸಾಕು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿ ನಮ್ಮಲ್ಲಿ ಅನೇಕರಿಗೆ ಉಂಟು. ಅಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕಾಲು ಗಂಟೆ ಕುಳಿತರೆ ವಾರದ ಲೆಕ್ಕ ಮುಗಿಯುತ್ತದೆ. ಪುಸ್ತಕದ ಕೊನೆಯ ಪುಟದಲ್ಲಿ ಸಾಲವನ್ನೆಲ್ಲ ಬರೆಯಿರಿ: ಯಾರಿಂದ, ಯಾವ ತಾರೀಖು, ಎಷ್ಟು, ಬಡ್ಡಿ ಏನು, ತೀರಿಸಿದ್ದೆಷ್ಟು. ಯಜಮಾನರದ್ದೂ ಅಲ್ಲೇ, ಮನೆಯವರದ್ದೂ ಅಲ್ಲೇ.

ಕೈಯಿಂದ ಕಾಸು ಕೊಡದ ವಸ್ತುವಿಗೂ ಲೆಕ್ಕವಿರಲಿ. ನಮ್ಮ ಮನೆಯಲ್ಲಿ ಐದು ಜನ. ದಿನಕ್ಕೆ ಎರಡು ಕಿಲೋ ರಾಗಿ ಬೇಕು. ವರ್ಷಕ್ಕೆ ಏಳು ಕ್ವಿಂಟಾಲ್ ಮೂವತ್ತು ಕಿಲೋ ಆಯಿತು. ಇದನ್ನು ಬರೆದು ನೋಡುವ ಮೊದಲು ಕಣದಲ್ಲೇ ಮೂಟೆಗಳನ್ನು ಮಾರಿ, ಆಷಾಢದಲ್ಲಿ ಅಂಗಡಿಯಿಂದ ಹೆಚ್ಚು ಬೆಲೆಗೆ ರಾಗಿ ತರುತ್ತಿದ್ದೆವು. ರಾಗಿಯಂತಹ ಧಾನ್ಯ ಇನ್ನೊಂದುಂಟೆ? ನಮ್ಮ ಅಜ್ಜಂದಿರು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಬರಗಾಲವನ್ನು ಕಳೆದರು. ಈಗ ಊಟದ ರಾಗಿಯನ್ನು ಅಳೆದು ಒಳಗಿಟ್ಟ ಮೇಲೆಯೇ ಉಳಿದದ್ದಕ್ಕೆ ದರ ಕೇಳುತ್ತೇವೆ. ಎಷ್ಟು ಒಳಗಿಡಬೇಕೆಂದು ತೀರ್ಮಾನಿಸುವವರು ತಾಯಿಯವರು.

ಚಿಲ್ಲರೆ ಖರ್ಚಿನ ಮಾತು ಹೇಳಲು ನನಗೇ ನಾಚಿಕೆ. ಮೊದಲ ತಿಂಗಳು ಬರೆದು ನೋಡಿದಾಗ ಹೋಟೆಲಿನ ಕಾಫಿ ತಿಂಡಿಗೆ ದಿನಕ್ಕೆ 40 ರೂಪಾಯಿ ಖರ್ಚು ಮಾಡುತ್ತಿದ್ದೆ. ವರ್ಷಕ್ಕೆ 14,600! ತಾಯಿಯವರು ಆ ಸಾಲನ್ನು ಎರಡು ಸಲ ಓದಿಸಿದರು.

ಒಂದು ಊರಿನಲ್ಲಿ ಹಿರಿಯರೊಬ್ಬರು, "ಮಕ್ಕಳ ಕೈಲಿ ಸಾಲ ಬರೆಸಿದರೆ ಊರೆಲ್ಲ ಡಂಗುರವಾಗುವುದಿಲ್ಲವೇ?" ಎಂದು ಆಕ್ಷೇಪಿಸಿದರು. ನ್ಯಾಯವಾದ ಮಾತೇ. ಆದರೆ ನನ್ನ ಅನುಭವ ಹೇಳುತ್ತೇನೆ. ರಾತ್ರಿ ತಂದೆಯವರು ದೀಪದ ಕೆಳಗೆ ಚೀಟಿಗಳನ್ನು ಮತ್ತೆ ಮತ್ತೆ ತಿರುವಿಹಾಕುವುದನ್ನು ಕಂಬಳಿಯೊಳಗಿನಿಂದ ನಾನು ನೋಡುತ್ತಿದ್ದೆ. ಏನೋ ಕೆಟ್ಟದ್ದಿದೆ ಎಂದು ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಆ ಹೆದರಿಕೆಗಿಂತ ಲೆಕ್ಕ ತಿಳಿಯುವುದೇ ಮೇಲಾಗಿತ್ತು.

ಸಾಲವೇ ಬೇಡವೆಂದು ನಾನು ಹೇಳುತ್ತಿಲ್ಲ. ಸಾಲವಿಲ್ಲದೆ ಬೇಸಾಯ ನಡೆಯುವುದು ಕಷ್ಟ. 1951-52ರಲ್ಲಿ ದೇಶದಾದ್ಯಂತ ನಡೆದ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ, ರೈತ ತಂದ ನೂರು ರೂಪಾಯಿ ಸಾಲದಲ್ಲಿ ಸುಮಾರು 70 ರೂಪಾಯಿ ಲೇವಾದೇವಿಗಾರರದ್ದು, ಸಹಕಾರ ಸಂಘಗಳದ್ದು ಬರೀ ಮೂರು ರೂಪಾಯಿ ಎಂದು ಕಂಡುಬಂತು. ಅಷ್ಟು ಹೊತ್ತಿಗೆ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ 1905ರಲ್ಲಿ ಸಹಕಾರ ಸಂಘ ಕಟ್ಟಿ ನಾಲ್ಕು ದಶಕಗಳು ಕಳೆದಿದ್ದವು. ಇಂದು ಸಂಘ ದೂರವಿಲ್ಲ. ಆದರೆ ಅಲ್ಲಿಗೆ ಪಹಣಿ ಹಿಡಿದು ಬಿತ್ತನೆಗೆ ಒಂದೆರಡು ತಿಂಗಳು ಮೊದಲೇ ಹೋಗಬೇಕು. ಮಳೆ ಬಿದ್ದ ಮರುದಿನ ಹಣ ಬೇಕೆಂದರೆ ಸಿಗುವುದು ಮೂರು ರೂಪಾಯಿ ಬಡ್ಡಿಯದ್ದೇ. ಯಾವ ತಿಂಗಳಿಗೆ ಎಷ್ಟು ಬೇಕಾದೀತೆಂದು ಮೊದಲೇ ತಿಳಿಯಬೇಕಾದರೆ ಹಿಂದಿನ ವರ್ಷದ ಪುಸ್ತಕ ಎದುರಿಗಿರಬೇಕು.

ಬರುವ ಸೋಮವಾರ ಮಣ್ಣಿನ ಮಾದರಿ ತೆಗೆಯಲು ನಿಮ್ಮ ಊರಿಗೆ ಬರುತ್ತೇನೆ. ಪುಸ್ತಕಕ್ಕೆ ಗೆರೆ ಹಾಕುವುದು ಹೇಗೆಂದು ನೋಡಬೇಕೆನ್ನುವವರು ಅದನ್ನೂ ತನ್ನಿ. ಯಜಮಾನರು ಒಬ್ಬರೇ ಬರಬೇಡಿ, ಮನೆಯವರನ್ನೂ ಕರೆತನ್ನಿ. ಸಂಜೆ ಐದರವರೆಗೆ ಶಾಲೆಯ ಜಗುಲಿಯ ಮೇಲೆ ಇರುತ್ತೇನೆ.