ಹಿಟ್ಟು ಬದಲಾದರೆ ಕೈಯೂ ಬದಲಾಗಬೇಕು

(ಹಿಂದೂಪುರ ಮತ್ತು ಕಲ್ಯಾಣದುರ್ಗದ ಕಲಿಕಾ ಕೇಂದ್ರಗಳಲ್ಲಿ ಆಡಿದ ಮಾತು)



ಇವತ್ತು ಹಿಟ್ಟಿನ ವಿಷಯ ಮಾತಾಡೋಣ. ನಮ್ಮ ಕಡೆ ಮುದ್ದೆಗೂ ಹಿಟ್ಟು ಅಂತೀವಿ. ನಾನು ಹೇಳೋದು ಗಿರಣಿಯಲ್ಲಿ ಬೀಸಿದ ಹಿಟ್ಟಿನ ಮಾತು. "ಹಿಟ್ಟು ಕಲಸೋದನ್ನ ನೀನು ನಮಗೆ ಹೇಳಿಕೊಡ್ತೀಯಾ?" ಎಂದು ನಗಬೇಡಿ. ಒಂದು ಸಂಗತಿ ಕೇಳಿ.

ನಮ್ಮ ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಾರೆ. ಅವರ ಮಗುವಿಗೆ ಮೇಲಿಂದ ಮೇಲೆ ಭೇದಿ. ಹೊಟ್ಟೆ ಉಬ್ಬುತ್ತಿತ್ತು, ತೂಕ ಏರುತ್ತಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಇದು ಸೀಲಿಯಾಕ್ ಕಾಯಿಲೆ. ಗೋಧಿ ಕೊಡಲೇಬೇಡಿ" ಎಂದರು. ತಾಯಿ ಚಪಾತಿ ನಿಲ್ಲಿಸಿದರು. ಎರಡು ತಿಂಗಳಾದರೂ ಮಗು ಚೇತರಿಸಲಿಲ್ಲ.

ಒಂದು ದಿನ ತರಗತಿಯಲ್ಲಿ ಕೇಳಿದೆ: "ಗೋಧಿಯಿಂದ ಏನೇನು ಆಗುತ್ತೆ? ಹಲಗೆ ಮೇಲೆ ಬರೀರಿ." ಒಬ್ಬರು ಮೈದಾ ಎಂದು ಬರೆದರು. ಇನ್ನೊಬ್ಬರು ಉಪ್ಪಿಟ್ಟಿನ ರವೆ ಎಂದು ಬರೆದರು. ಮತ್ತೊಬ್ಬರು ಶಾವಿಗೆ ಎಂದರು. ಆ ತಾಯಿ ಎದ್ದು ನಿಂತರು. "ಅಯ್ಯೋ, ಮೈದಾನೂ ಗೋಧಿನಾ? ನಾನು ದಿನಾ ಬನ್ನು, ರಸ್ಕು ಕೊಡ್ತಿದ್ದೀನಲ್ಲ!" ಎಂದರು.

ತಪ್ಪು ಅವರದಲ್ಲ. ಮೈದಾ ಬೆಳ್ಳಗಿರುತ್ತದೆ, ಗೋಧಿ ಹಿಟ್ಟು ಕಂದಾಗಿರುತ್ತದೆ. ಆದರೆ ಎರಡೂ ಒಂದೇ ಕಾಳಿನದು. ತೌಡು ತೆಗೆದು ನುಣ್ಣಗೆ ಮಾಡಿದರೆ ಮೈದಾ. ತರಿಯಾಗಿ ಒಡೆದರೆ ರವೆ.

ಗೋಧಿಯಲ್ಲಿ ಒಂದು ಅಂಟು ಇದೆ. ನೀರು ಹಾಕಿ ನಾದಿದಂತೆ ಅದು ಎಳೆ ಎಳೆಯಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ಅದಕ್ಕೇ ಚಪಾತಿ ಹರಿಯದೆ ಹಿಗ್ಗುತ್ತದೆ, ಬನ್ನು ಉಬ್ಬುತ್ತದೆ. ಆ ಮಗುವಿನ ಕರುಳಿಗೆ ಆಗದಿರುವುದೂ ಇದೇ ಅಂಟು. ಬಾರ್ಲಿಯೂ ಅಂಥವರಿಗೆ ಆಗದು. ರಾಗಿ, ಜೋಳ, ಸಜ್ಜೆ, ಅಕ್ಕಿ, ಕಡಲೆಯಲ್ಲಿ ಈ ಅಂಟು ಇಲ್ಲ. ಅವು ಆ ಮಗುವಿಗೆ ಆಗುತ್ತವೆ.

ಆ ತಾಯಿ ಮನೆಗೆ ಹೋಗಿ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಚಪಾತಿಯಂತೆ ಲಟ್ಟಿಸಿದರು. ಎಲ್ಲಾ ಚೂರು ಚೂರು. "ಹಿಟ್ಟು ಕೆಟ್ಟಿದೆ" ಎಂದರು. ಹಿಟ್ಟು ಕೆಟ್ಟಿರಲಿಲ್ಲ. ಅಂಟು ಇಲ್ಲದ ಹಿಟ್ಟಿಗೆ ಬೇರೆ ಉಪಾಯ ಬೇಕು. ಆ ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅದೇ ಬಿಸಿನೀರು.

ಕುದಿಯುವ ನೀರಿಗೆ ಹಿಟ್ಟು ಹಾಕಿ ಕಲಕಿದರೆ ಹಿಟ್ಟು ಸ್ವಲ್ಪ ಬೇಯುತ್ತದೆ, ಗಂಜಿಯಂತೆ ಹಿಡಿದುಕೊಳ್ಳುತ್ತದೆ. ಬಿಸಿ ಆರುವ ಮುಂಚೆ ಚೆನ್ನಾಗಿ ನಾದಿ. ಲಟ್ಟಿಸಬೇಡಿ, ಕೈಯಲ್ಲಿ ತಟ್ಟಿ. ಜೋಳದ ರೊಟ್ಟಿಗೂ ಇದೇ ದಾರಿ.

ಬಿಸ್ಕತ್ತು ಬೇಕು ಎಂದು ಮಗು ಅತ್ತರೆ? ಬಿಸ್ಕತ್ತು ಬನ್ನಿನ ಹಾಗೆ ಉಬ್ಬಬೇಕಾಗಿಲ್ಲ. ಹಾಗಾಗಿ ಪೂರ್ತಿ ರಾಗಿಯಲ್ಲೇ ಮಾಡಬಹುದು.

ಒಂದು ಲೋಟ ರಾಗಿ ಹಿಟ್ಟನ್ನು ಘಮ ಬರುವ ತನಕ ಹುರಿದು ಆರಿಸಿ. ಅರ್ಧ ಲೋಟ ಬೆಲ್ಲದ ಪುಡಿ, ಅರ್ಧ ಲೋಟಕ್ಕೆ ಸ್ವಲ್ಪ ಕಮ್ಮಿ ತುಪ್ಪ, ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಿ. ಉಂಡೆ ಕಟ್ಟಲು ಬರುವಷ್ಟು ಮಾತ್ರ ಹಾಲು ಹಾಕಿ. ದಪ್ಪ ತಳದ ಪಾತ್ರೆಗೆ ಎರಡು ಬೆರಳು ಮರಳು ಹಾಕಿ ಕಾಯಿಸಿ. ಮೇಲೆ ಒಂದು ಸ್ಟ್ಯಾಂಡು, ಅದರ ಮೇಲೆ ಬಿಸ್ಕತ್ತಿನ ತಟ್ಟೆ ಇಟ್ಟು ಮುಚ್ಚಿ. ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ ನೋಡಿ. ತೆಗೆದ ಕೂಡಲೇ ಮೆತ್ತಗಿರುತ್ತೆ, ಮುಟ್ಟಬೇಡಿ. ಆರಿದ ಮೇಲೆ ಗಟ್ಟಿಯಾಗುತ್ತೆ.

ಮನೆಯಲ್ಲಿ ಈ ಕಾಯಿಲೆ ಇಲ್ಲದವರು ಗೋಧಿ ಬಿಡಬೇಕಾಗಿಲ್ಲ. ಬನ್ನು, ಕೇಕು ಮಾಡುವಾಗ ನಾಲ್ಕು ಪಾಲು ಮೈದಾದಲ್ಲಿ ಒಂದು ಪಾಲು ತೆಗೆದು ರಾಗಿ ಹಾಕಿ. ಪೂರ್ತಿ ರಾಗಿ ಹಾಕಿದರೆ ಉಬ್ಬದೆ ಪುಡಿಯಾಗುತ್ತೆ. ಮೈದಾ ಬದಲು ಗೋಧಿ ಹಿಟ್ಟು ಹಾಕಿದರೆ ನೀರು ಸ್ವಲ್ಪ ಜಾಸ್ತಿ ಹಾಕಿ, ತೌಡು ನೀರು ಕುಡಿಯುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಎಲುಬಿಗೆ ಅದು ಒಳ್ಳೆಯದು.

ಇನ್ನು ಮೂರು ಎಚ್ಚರಿಕೆ.

ಒಂದು: ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ರಾಗಿ ಹಾಕಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ಈ ಕಾಯಿಲೆಯ ಮಗುವಿಗೆ ಅಷ್ಟು ಸಾಕು, ತೊಂದರೆ ಆಗುತ್ತೆ. ಮನೆಯಲ್ಲೇ ಬೀಸಿಕೊಂಡರೆ ಒಳ್ಳೆಯದು.

ಎರಡು: ಪೊಟ್ಟಣದ ಮೇಲೆ "ರಾಗಿ ಬಿಸ್ಕತ್ತು" ಎಂದಿದ್ದರೆ ನಂಬಬೇಡಿ. ಹಿಂದೆ ತಿರುಗಿಸಿ. ಪಟ್ಟಿಯಲ್ಲಿ ಯಾವುದು ಹೆಚ್ಚು ಹಾಕಿದ್ದಾರೋ ಅದೇ ಮೊದಲು ಇರುತ್ತದೆ. ಎಷ್ಟೋ ಸಲ ಮೊದಲು ಇರುವುದು ಮೈದಾ. ಪಟ್ಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಓದುವ ಮಕ್ಕಳನ್ನು ಕೇಳಿ. "ವೀಟ್" ಅಂದ್ರೆ ಗೋಧಿ, "ರಿಫೈನ್ಡ್ ವೀಟ್ ಫ್ಲೋರ್" ಅಂದ್ರೆ ಮೈದಾ. ಹಲವು ಇಂಗಿನ ಡಬ್ಬಿಗಳಲ್ಲೂ ಗೋಧಿ ಹಿಟ್ಟು ಬೆರೆತಿರುತ್ತದೆ.

ಮೂರು: ಮಗುವಿಗೆ ಭೇದಿ ಅಂತ ನೀವೇ ಗೋಧಿ ಬಿಡಿಸಬೇಡಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಸರಿಯಾಗಿ ಗೊತ್ತಾಗದೆ ಹೋಗಬಹುದು. ಮೊದಲು ಡಾಕ್ಟರು, ಆಮೇಲೆ ಅಡಿಗೆಮನೆ.

ಆ ಮಗು ಈಗ ತೂಕ ಏರುತ್ತಿದೆ. ತಾಯಿ ಅಂಗಡಿಗೆ ಹೋದರೆ ಪೊಟ್ಟಣ ತಿರುಗಿಸದೆ ದುಡ್ಡು ಕೊಡುವುದಿಲ್ಲ.

ನೀವೂ ಈ ವಾರ ಮನೆಯಲ್ಲಿರುವ ಹಿಟ್ಟಿನ ಡಬ್ಬಿಗಳ ಮೇಲೆ ಹೆಸರು ಬರೆದು ಅಂಟಿಸಿ. ಪಕ್ಕದಲ್ಲಿ ಅದು ಯಾವ ಕಾಳಿನದು ಎಂದೂ ಬರೆಯಿರಿ. ಮುಂದಿನ ವಾರ ತರಗತಿಯಲ್ಲಿ ಓದೋಣ.